ಎರಡನೇ ಹುಟ್ಟಿನ ಲೋಕೊಗಳು

ಇಪ್ಪತ್ತು ವರ್ಷಗಳ ಹಿಂದೆ ಬಂಗಾರಪೇಟೆ ಜಂಕ್ಷನ್‌ನಲ್ಲಿ ರೈಲಿಗೆ ಕಾದು ನಿಂತವರು ಒಂದೇ ಥರದ ಡೀಸೆಲ್ ಲೋಕೊಗಳನ್ನು ಲೆಕ್ಕವಿಲ್ಲದಷ್ಟು ಸಲ ನೋಡಿರುತ್ತಾರೆ. ಅದೇ ಮೊಂಡು ಮೂತಿ, ಅದೇ ಉದ್ದನೆಯ ಹುಡ್, ಹೊರಡುವಾಗ ಅದೇ ಕರಿಹೊಗೆ. ಆದರೆ ಪಕ್ಕದಲ್ಲಿ ಬರೆದದ್ದನ್ನು ಓದಿದರೆ ಒಂದು ಡಬ್ಲ್ಯುಡಿಎಂ-2, ಇನ್ನೊಂದು ಡಬ್ಲ್ಯುಡಿಎಂ-3ಎ. ಮೊದಲನೆಯದು 2,600 ಅಶ್ವಶಕ್ತಿಯದ್ದು, ಎರಡನೆಯದು 3,100ರದ್ದು. ಎರಡನೆಯದರ ನಂಬರಿನ ಕೊನೆಗೆ ‘ಆರ್’ ಅಕ್ಷರವೂ ಇದ್ದರೆ ಅದು ಹುಟ್ಟಿನಿಂದ ಮೊದಲನೆಯದರ ಒಡಹುಟ್ಟೇ. ಅರ್ಧ ಆಯಸ್ಸು ದುಡಿದ ಮೇಲೆ ಪಂಜಾಬಿನ ಪಟಿಯಾಲಾಕ್ಕೆ ಹೋಗಿ, ಒಂದೊಂದು ಭಾಗವನ್ನೂ ಬಿಚ್ಚಿಸಿಕೊಂಡು, ಮತ್ತೆ ಜೋಡಣೆಯಾಗಿ ಬಂದ ಗಾಡಿ ಅದು.

ನಮ್ಮ ರೈಲಿನ ಕಥೆ ಹೇಳುವವರು ಉಗಿಬಂಡಿಯ ಬಗ್ಗೆ ಮನಸಾರೆ ಬರೆಯುತ್ತಾರೆ, ವಂದೇ ಭಾರತ್ ಬಗ್ಗೆಯೂ ಬರೆಯುತ್ತಾರೆ. ಇವೆರಡರ ನಡುವೆ ದಶಕಗಳ ಕಾಲ ಜನರನ್ನು ಹೊತ್ತ ಈ ರೀಬಿಲ್ಡ್ ಲೋಕೊಗಳಿಗೆ ಒಂದು ಸಾಲು ಸಿಗುವುದೂ ಅಪರೂಪ. ಹೊಸದನ್ನು ಕೊಳ್ಳಲು ಹಣ ಸಾಲದ ಕಾಲದಲ್ಲಿ, ಇದ್ದದ್ದನ್ನೇ ಬಿಚ್ಚಿ ಮೊದಲಿಗಿಂತ ಚೆನ್ನಾಗಿ ಕಟ್ಟಿದ ಆ ಕೆಲಸ ಭಾರತೀಯ ರೈಲ್ವೆಯ ದೊಡ್ಡ ಸಾಧನೆಗಳಲ್ಲಿ ಒಂದು ಎಂದು ನಾನು ನಂಬಿದ್ದೇನೆ. ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಒಂದು ಮಾದರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತಿಳಿಯಬೇಕು. ಆ ವ್ಯತ್ಯಾಸ ಹೊರಗಡೆ ಹೆಚ್ಚು ಕಾಣುವುದಿಲ್ಲ.

ನಮ್ಮ ಕ್ಯಾಸಂಬಳ್ಳಿಗೆ ರೈಲಿಲ್ಲ. ಕೆಜಿಎಫ್ ತಾಲ್ಲೂಕಿನ ಈ ಹೋಬಳಿ ಊರಿನವರು ರೈಲು ಹಿಡಿಯಬೇಕೆಂದರೆ ಬಸ್ಸಿನಲ್ಲಿ ಕೆಜಿಎಫ್‌ಗೋ ಬಂಗಾರಪೇಟೆಗೋ ಬರಬೇಕು. ಆದರೂ ಈ ಸೀಮೆಯ ಬದುಕು ಹಳಿಗೇ ಅಂಟಿಕೊಂಡದ್ದು. ಜೋಲಾರ್‌ಪೇಟೆಯಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂತು. ಆಗ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆಯಿಂದ ಮಾರಿಕುಪ್ಪಂಗೆ 16 ಕಿ.ಮೀ. ಉದ್ದದ ಕವಲು ಹಳಿ 1894ರಲ್ಲಿ ಬಿತ್ತು. ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂಬ ಗಣಿಗಳ ಹೆಸರುಗಳೇ ನಿಲ್ದಾಣಗಳ ಹೆಸರುಗಳಾದವು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಬಂದದ್ದು 1902ರಲ್ಲಿ. ಗಣಿಯೊಳಗೆ ದೀಪ ಉರಿದರೂ ಹಳಿಯ ಮೇಲೆ ಇನ್ನೂ ಬಹಳ ಕಾಲ ಕಲ್ಲಿದ್ದಲು, ಆಮೇಲೆ ಡೀಸೆಲ್ಲು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಸಾವಿರಾರು ಮನೆಗಳ ಅನ್ನ ಬೆಂಗಳೂರಿಗೆ ಹೋಗಿಬರುವ ರೈಲಿನ ಮೇಲೆ ನಿಂತಿತು. ಬೆಳಗಿನ ಜಾವ ಎದ್ದು ಬುತ್ತಿ ಕಟ್ಟಿಕೊಂಡು ಹೊರಡುವವರಿಗೆ ಲೋಕೊ ಕೈಕೊಟ್ಟರೆ ಆ ದಿನದ ಕೂಲಿ ಹೋಯಿತೆಂದೇ ಲೆಕ್ಕ. ಆದ್ದರಿಂದ ಇದು ಬರೀ ರೈಲುಪ್ರಿಯರ ಹವ್ಯಾಸದ ವಿಷಯವಲ್ಲ.

ಮೊದಲು ಹೆಸರಿನ ಲೆಕ್ಕ. ‘ಡಬ್ಲ್ಯು’ ಎಂದರೆ ಬ್ರಾಡ್‌ಗೇಜ್, ‘ಡಿ’ ಎಂದರೆ ಡೀಸೆಲ್. ಮೂರನೆಯ ಅಕ್ಷರ ಕೆಲಸವನ್ನು ಹೇಳುತ್ತದೆ: ‘ಎಂ’ ಪ್ರಯಾಣಿಕರಿಗೂ ಸರಕಿಗೂ, ‘ಪಿ’ ಪ್ರಯಾಣಿಕರಿಗೆ, ‘ಜಿ’ ಸರಕಿಗೆ. ಹಿಂದೆ ಅಂಕಿ ಬರೀ ಮಾದರಿಯ ಕ್ರಮಸಂಖ್ಯೆಯಾಗಿತ್ತು. 2000ದ ನಂತರದ ಹೊಸ ಪದ್ಧತಿಯಲ್ಲಿ ಅಂಕಿ ಸಾವಿರದ ಲೆಕ್ಕದ ಅಶ್ವಶಕ್ತಿಯಾಯಿತು, ಮುಂದಿನ ಅಕ್ಷರ ನೂರರ ಲೆಕ್ಕ. 3ಎ ಅಂದರೆ 3,100. 3ಸಿ ಅಂದರೆ 3,300. ಈ ನಿಯಮ ಎಲ್ಲ ಕಡೆ ಹಿಡಿಯುವುದಿಲ್ಲ. ಡಬ್ಲ್ಯುಡಿಎಂ-3ಡಿ ಕೂಡ 3,300ರದ್ದೇ, ಡಬ್ಲ್ಯುಡಿಪಿ-4ಡಿ ಎಂಬಲ್ಲಿ ‘ಡಿ’ ಹೇಳುವುದು ಎರಡು ಕ್ಯಾಬಿನ್ ಇವೆ ಎಂಬುದನ್ನು. ಪ್ಲಾಟ್‌ಫಾರಂನಲ್ಲಿ ನಿಂತು ಈ ಅಕ್ಷರಗಳನ್ನು ಓದುವ ಹುಡುಗರು ಎಡವುವುದು ಇಲ್ಲೇ.

ಎಲ್ಲದರ ಮೂಲ ಡಬ್ಲ್ಯುಡಿಎಂ-2. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ ಇದು. 1962ರಲ್ಲಿ ಅಲ್ಲಿಂದ ತರಿಸಿದ ಲೋಕೊಗಳಿಂದ ಶುರುವಾಗಿ, 1964ರಿಂದ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್‌ನಲ್ಲಿ ತಯಾರಾಯಿತು. 1990ರ ದಶಕದ ಕೊನೆಯವರೆಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಗಾಡಿಗಳು ಅಲ್ಲಿಂದ ಹೊರಬಂದವು. ಒಳಗೆ ‘ವಿ’ ಆಕಾರದಲ್ಲಿ ಕೂತ 16 ಸಿಲಿಂಡರ್‌ಗಳ ನಾಲ್ಕು ಹೊಡೆತದ ಇಂಜಿನ್. ಅದು ಗಾಲಿಯನ್ನು ನೇರವಾಗಿ ತಿರುಗಿಸುವುದಿಲ್ಲ. ಜನರೇಟರನ್ನು ತಿರುಗಿಸಿ ವಿದ್ಯುತ್ ಹುಟ್ಟಿಸುತ್ತದೆ, ಆ ವಿದ್ಯುತ್ತಿನಿಂದ ಆರು ಅಚ್ಚುಗಳ ಮೇಲಿನ ಆರು ಮೋಟರುಗಳು ತಿರುಗುತ್ತವೆ. ತೂಕ 112.8 ಟನ್, ಗರಿಷ್ಠ ವೇಗ ಗಂಟೆಗೆ 120 ಕಿ.ಮೀ. ಹೀಗೆ ಸುಮ್ಮನೆ ಅಂಕಿ ಹೇಳಿದರೆ ಗಾಡಿಯ ಗುಣ ತಿಳಿಯುವುದಿಲ್ಲ. ಬಿಸಿಲು, ಧೂಳು, ಅರೆಬರೆ ನಿರ್ವಹಣೆ ಎಲ್ಲವನ್ನೂ ತಡೆದುಕೊಂಡು, ಯಾವ ಶೆಡ್ಡಿನ ಮೆಕ್ಯಾನಿಕ್ಕಿಗೂ ಅರ್ಥವಾಗುವಂತಿದ್ದ ಯಂತ್ರ ಅದು. ಬಿಚ್ಚಿ ಕಟ್ಟಲು ಬಂದದ್ದೂ ಅದಕ್ಕಾಗಿಯೇ.

ಮೊದಲ ಬದಲಾವಣೆ ಬ್ರೇಕಿನದ್ದು. ಹಳೆಯ ರೈಲುಗಳದ್ದು ನಿರ್ವಾತ ಬ್ರೇಕ್: ಲೋಕೊ ಇಡೀ ರೈಲಿನ ಪೈಪಿನಿಂದ ಗಾಳಿಯನ್ನು ಹೀರಿ ಹೊರಗೆ ಹಾಕಿದರೆ ಬ್ರೇಕ್ ಬಿಡುತ್ತದೆ, ಗಾಳಿ ಒಳಗೆ ನುಗ್ಗಿದರೆ ಹಿಡಿಯುತ್ತದೆ. ಬೋಗಿಗಳ ಸಂಖ್ಯೆ ಹೆಚ್ಚಿದಷ್ಟೂ ಇದು ನಿಧಾನ. ಆಮೇಲೆ ಬಂದ ಗಾಳಿ ಬ್ರೇಕಿನಲ್ಲಿ ಪೈಪಿನೊಳಗೆ ಚದರ ಸೆಂಟಿಮೀಟರಿಗೆ 5 ಕೆ.ಜಿ. ಒತ್ತಡವಿರುತ್ತದೆ, ಅದು ಇಳಿದರೆ ಬ್ರೇಕ್ ಹಿಡಿಯುತ್ತದೆ. ಹಳೆಯ ಗಾಡಿಗೆ ಆಮೇಲೆ ಗಾಳಿ ಬ್ರೇಕ್ ಜೋಡಿಸಿದರೆ ಅದು ಡಬ್ಲ್ಯುಡಿಎಂ-2ಎ. ಕಾರ್ಖಾನೆಯಿಂದಲೇ ಜೋಡಿಸಿ ಕಳಿಸಿದ್ದು 2ಬಿ. ಇಂಜಿನ್ ಅದೇ, ಶಕ್ತಿ ಅದೇ. ಆದರೂ 2ಎ ಇಲ್ಲದಿದ್ದರೆ ಹಳೆಯ ಬೋಗಿಗಳೂ ಹೊಸ ಬೋಗಿಗಳೂ ಬೆರೆತಿದ್ದ ಆ ಪರಿವರ್ತನೆಯ ವರ್ಷಗಳನ್ನು ದಾಟುವುದು ಕಷ್ಟವಿತ್ತು. ಅದು ಎರಡು ಬಗೆಯ ರೈಲನ್ನೂ ಎಳೆಯಬಲ್ಲದಾಗಿತ್ತು.

ನಿಜವಾದ ಮರುಹುಟ್ಟು ನಡೆದದ್ದು ಪಟಿಯಾಲಾದಲ್ಲಿ. 1981ರಲ್ಲಿ ಅಡಿಗಲ್ಲು ಬಿದ್ದ ಡೀಸೆಲ್ ಕಾಂಪೊನೆಂಟ್ ವರ್ಕ್ಸ್ ಹೆಸರೇ ಹೇಳುವಂತೆ ಬಿಡಿಭಾಗ ಮಾಡುವ ಕಾರ್ಖಾನೆಯಾಗಿತ್ತು. 2003ರಲ್ಲಿ ಡೀಸೆಲ್ ಮಾಡರ್ನೈಸೇಷನ್ ವರ್ಕ್ಸ್ ಆಯಿತು, 2022ರಲ್ಲಿ ಪಟಿಯಾಲಾ ಲೋಕೋಮೋಟಿವ್ ವರ್ಕ್ಸ್. ಡೀಸೆಲ್ ಲೋಕೊವೊಂದಕ್ಕೆ ರೈಲ್ವೆ ಕೊಟ್ಟ ಆಯಸ್ಸು 36 ವರ್ಷ. ಅದರ ಅರ್ಧ, ಅಂದರೆ 18 ವರ್ಷದ ಹೊತ್ತಿಗೆ ಅದನ್ನು ಪಟಿಯಾಲಾಕ್ಕೆ ಕಳಿಸುತ್ತಿದ್ದರು. ಅಡಿಯ ಚೌಕಟ್ಟನ್ನು ಉಳಿಸಿಕೊಂಡು ಮೇಲಿನದನ್ನೆಲ್ಲ ಬಿಚ್ಚುತ್ತಿದ್ದರು.

ಅಲ್ಲಿ ಆಗುತ್ತಿದ್ದ ಬದಲಾವಣೆಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಪ್ರತಿ ಸಿಲಿಂಡರಿಗೂ ಒಂದು ಇಂಧನ ಪಂಪು ಇರುತ್ತದೆ. ಅದರೊಳಗೆ ಉಕ್ಕಿನ ಸಣ್ಣ ದಂಡವೊಂದು ಮೇಲೆ ಕೆಳಗೆ ಆಡುತ್ತ ಡೀಸೆಲ್ಲನ್ನು ನಾಜಲ್‌ಗೆ ಒತ್ತುತ್ತದೆ. ಹಳೆಯ ಇಂಜಿನ್‌ನಲ್ಲಿ ಆ ದಂಡದ ವ್ಯಾಸ 15 ಮಿ.ಮೀ., ಸುಧಾರಿಸಿದ್ದರಲ್ಲಿ 17 ಮಿ.ಮೀ. ಹೆಚ್ಚಾದದ್ದು ಎರಡೇ ಮಿಲಿಮೀಟರ್. ಆದರೆ ದಂಡದ ಅಡ್ಡಳತೆಯ ವಿಸ್ತೀರ್ಣ ಇದರಿಂದ ಸುಮಾರು ಶೇ 28ರಷ್ಟು ಹೆಚ್ಚುತ್ತದೆ. ಅಷ್ಟೇ ಇಂಧನವನ್ನು ಇನ್ನೂ ಕಡಿಮೆ ಸಮಯದಲ್ಲಿ, ಇನ್ನೂ ಹೆಚ್ಚು ಒತ್ತಡದಲ್ಲಿ ಒಳಗೆ ಚಿಮ್ಮಿಸಬಹುದು. ಚಿಮ್ಮಿದ್ದು ನುಣ್ಣಗೆ ಹರಡಿ ಪೂರ್ತಿ ಉರಿಯುತ್ತದೆ. ಹೆಚ್ಚು ಇಂಧನ ಉರಿಯಬೇಕಾದರೆ ಹೆಚ್ಚು ಗಾಳಿ ಬೇಕು. ಅದಕ್ಕೆ ಹೊಸ ಟರ್ಬೊಚಾರ್ಜರ್. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ತಣ್ಣಗಾಗಿಸಲು ದೊಡ್ಡ ಆಫ್ಟರ್‌ಕೂಲರ್. ಒಳಗಿನ ಶಾಖ ಏರುತ್ತದೆ. ಅದನ್ನು ತಾಳಲು ಪಿಸ್ಟನ್ನಿಗೆ ಉಕ್ಕಿನ ಟೋಪಿ. ಒಂದು ಬದಲಾವಣೆ ಇನ್ನೊಂದನ್ನು ಕೇಳುತ್ತ ಹೋಗುತ್ತದೆ. ಹೀಗೆ 2,600 ಇದ್ದದ್ದು 3,100 ಆಯಿತು. ಎರಡು ಸಾವಿರದಾರುನೂರರ ಮೇಲೆ ಸುಮಾರು ಶೇ 19ರಷ್ಟು ಗಳಿಕೆ.

ವಿದ್ಯುತ್ ಭಾಗದಲ್ಲಿ ಇನ್ನೂ ದೊಡ್ಡ ಬದಲಾವಣೆ. ಹಳೆಯದರಲ್ಲಿ ಇದ್ದದ್ದು ಡಿಸಿ ಜನರೇಟರ್. ತಿರುಗುವ ಕಮ್ಯುಟೇಟರಿನ ಮೇಲೆ ಕಾರ್ಬನ್ ಬ್ರಷ್‌ಗಳು ಉಜ್ಜಿಕೊಂಡಿರುತ್ತವೆ. ಬ್ರಷ್ ಸವೆಯುತ್ತದೆ, ಅದರ ಪುಡಿ ಕೂರುತ್ತದೆ, ಒಮ್ಮೊಮ್ಮೆ ಕಿಡಿ ಹಾರಿ ಜನರೇಟರ್ ಸುಡುತ್ತದೆ. 3ಎನಲ್ಲಿ ಅದರ ಜಾಗಕ್ಕೆ ಆಲ್ಟರ್ನೇಟರ್ ಬಂತು. ಅದು ಹುಟ್ಟಿಸುವ ಎಸಿಯನ್ನು ಸಿಲಿಕಾನ್ ರೆಕ್ಟಿಫೈಯರ್ ಡಿಸಿಯಾಗಿ ಮಾಡಿ ಮೋಟರಿಗೆ ಕಳಿಸುತ್ತದೆ. ಮೋಟರುಗಳು ಮಾತ್ರ ಡಿಸಿಯವೇ ಉಳಿದವು. ಅಚ್ಚಿನ ಮೇಲೆ ಮೋಟರನ್ನು ಹೊರುವ ಸಾದಾ ಬೇರಿಂಗ್‌ಗಳಿಗೆ ಬದಲು ರೋಲರ್ ಬೇರಿಂಗ್‌ಗಳು ಬಂದವು. ಶೆಡ್ಡಿನಲ್ಲಿ ಕೈ ಮಸಿ ಮಾಡಿಕೊಂಡವರನ್ನು ಕೇಳಿದರೆ ಐನೂರು ಅಶ್ವಶಕ್ತಿಗಿಂತ ಮೊದಲು ಈ ಬ್ರಷ್ ಮತ್ತು ಬೇರಿಂಗಿನ ಮಾತನ್ನೇ ತೆಗೆಯುತ್ತಾರೆ. ಅವರ ಲೆಕ್ಕವೇ ಸರಿ ಎನಿಸುತ್ತದೆ ನನಗೆ. ಲೋಕೊ ಶೆಡ್ಡಿನಲ್ಲಿ ನಿಂತ ದಿನ ಕಡಿಮೆಯಾದರೆ ಅದೇ ಪ್ರಯಾಣಿಕನಿಗೆ ಸಿಗುವ ನಿಜವಾದ ಲಾಭ.

ವಾರಾಣಸಿಯಲ್ಲಿ 1994ರಿಂದ ಇದೇ ಮಾದರಿಯನ್ನು ಹೊಸದಾಗಿಯೂ ಕಟ್ಟಿದರು. ಆಗ ಅದನ್ನು ಡಬ್ಲ್ಯುಡಿಎಂ-2ಸಿ ಎನ್ನುತ್ತಿದ್ದರು, ಮುಂದೆ 3ಎ ಎಂದಾಯಿತು. ಹಾಗಾಗಿ 3ಎ ಎಂದು ಬರೆದ ಎಲ್ಲವೂ ರೀಬಿಲ್ಡ್ ಅಲ್ಲ. ಕಾಗದದ ಮೇಲೆ ಎರಡೂ ಒಂದೇ ವರ್ಗ, ಬೇರೆ ಮಾಡುವುದು ನಂಬರಿನ ಕೊನೆಯ ‘ಆರ್’. 3,300ಕ್ಕೆ ಏರಿಸಿದ 3ಸಿ ಎಂಬ ಕೆಲವು ಗಾಡಿಗಳೂ ಇದ್ದವು, ಹೆಚ್ಚು ಕಾಲ ನಡೆಯಲಿಲ್ಲ. ಇನ್ನು ಮುಪ್ಪಾದ ಡಬ್ಲ್ಯುಡಿಎಂ-2ಗಳಲ್ಲಿ ಕೆಲವು ಯಾರ್ಡಿನಲ್ಲಿ ಬೋಗಿ ಜೋಡಿಸುವ ಶಂಟಿಂಗ್ ಕೆಲಸಕ್ಕೆ ಇಳಿದವು, ಅವಕ್ಕೆ 2ಎಸ್ ಎಂಬ ಹೆಸರು.

ಹೆಚ್ಚಿದ ಶಕ್ತಿಯಿಂದ ಹಳಿಯ ಮೇಲೆ ಏನಾಗುತ್ತದೆ? ಹೊರಡುವಾಗ ಏನೂ ಆಗುವುದಿಲ್ಲ ಎಂದರೆ ಓದುಗರಿಗೆ ಅಚ್ಚರಿಯಾಗಬಹುದು. ನಿಂತ ರೈಲನ್ನು ಕದಲಿಸುವಾಗ ಡಬ್ಲ್ಯುಡಿಎಂ-2ರ ಎಳೆತ ಸುಮಾರು 30 ಟನ್, 3ಎಯದ್ದೂ ಅಷ್ಟೇ. ಎರಡರ ತೂಕವೂ ಗಾಲಿಯೂ ಮೋಟರೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಹಳಿಯ ಮೇಲಿನ ಹಿಡಿತವೂ ಒಂದೇ. ಕೆಸರಲ್ಲಿ ಹೂತ ಗಾಡಿಯನ್ನು ಕಿತ್ತು ಎಳೆಯುವಾಗ ಎತ್ತಿಗೆ ಬೇಕಾದದ್ದು ಕಾಲೂರುವ ನೆಲ. ದಾರಿಗೆ ಬಂದ ಮೇಲೆ ಅದೇ ಭಾರವನ್ನು ಬೇಗ ಒಯ್ಯಲು ಬೇಕಾದದ್ದು ಉಸಿರು. ಅಶ್ವಶಕ್ತಿ ಆ ಉಸಿರು. ಎಳೆತವನ್ನು ವೇಗದಿಂದ ಗುಣಿಸಿದರೆ ಶಕ್ತಿ ಬರುತ್ತದೆ. ವೇಗ ಕಡಿಮೆಯಿರುವಾಗ ಶಕ್ತಿಗೆ ಕೆಲಸವೇ ಇರುವುದಿಲ್ಲ.

ಈ ಭೌತಶಾಸ್ತ್ರವನ್ನು ನಮ್ಮ ಹಳಿಯ ಮೇಲಿಟ್ಟು ನೋಡಬಹುದು. ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗಿನ 16 ಕಿ.ಮೀ.ನಲ್ಲಿ ಬೆಮೆಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ಮತ್ತೆ ಮತ್ತೆ ನಿಲ್ಲಬೇಕು. ಗಾಡಿ ಇನ್ನೇನು ವೇಗ ಹಿಡಿಯಿತು ಎನ್ನುವಷ್ಟರಲ್ಲಿ ಬ್ರೇಕ್. ಇಲ್ಲಿ 2,600 ಇದ್ದರೇನು, 3,100 ಇದ್ದರೇನು, ಪ್ರಯಾಣಿಕನಿಗೆ ನಿಮಿಷದ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಅದೇ ಜೋಲಾರ್‌ಪೇಟೆಯಿಂದ ಕುಪ್ಪಂ ಕಡೆಗೆ ಘಟ್ಟ ಹತ್ತುವ ಉದ್ದನೆಯ ಎಕ್ಸ್‌ಪ್ರೆಸ್‌ಗೆ ಆ ಐನೂರು ಪೂರ್ತಿ ಬೇಕು. ಏರಿನಲ್ಲಿ ಎಳೆತ ಬಿಡದೆ ವೇಗವನ್ನೂ ಉಳಿಸಿಕೊಳ್ಳುವುದೆಂದರೆ ಅದು ಶಕ್ತಿಯ ಕೆಲಸವೇ. ಗುಡುಪಲ್ಲಿ, ಬಿಸನತ್ತಂ, ಕಾಮಸಮುದ್ರ ದಾಟಿ ಬಂಗಾರಪೇಟೆಗೆ ಬರುವ ಹೊತ್ತಿಗೆ ಎರಡು ಲೋಕೊಗಳ ವ್ಯತ್ಯಾಸ ಗಡಿಯಾರದಲ್ಲಿ ಕಾಣುತ್ತದೆ.

ನೋಡಿ ಗುರುತಿಸುವುದು ಹೇಗೆ? ಬಣ್ಣವನ್ನು ನಂಬಬಾರದು, ಅದು ಶೆಡ್ಡಿನಿಂದ ಶೆಡ್ಡಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಮೂತಿಯನ್ನೂ ನಂಬಬಾರದು. 1970ರ ದಶಕದ ಉತ್ತರಾರ್ಧದಲ್ಲಿ ಬಂದ ‘ಜಂಬೊ’ ಎಂಬ ಡಬ್ಲ್ಯುಡಿಎಂ-2ಗಳಿಗೆ ಅಗಲ ಮೂತಿ, ದೊಡ್ಡ ಕಿಟಕಿ. ನೋಡಿದರೆ ಬೇರೆ ಜಾತಿಯೆನಿಸುತ್ತದೆ, ಒಳಗೆ ಅದೇ. ನೋಡಬೇಕಾದದ್ದು ಗಾಲಿಗಳನ್ನು. ಡಬ್ಲ್ಯುಡಿಎಂ-2ರಲ್ಲೂ ಅದರಿಂದ ಹುಟ್ಟಿದ 3ಎನಲ್ಲೂ ಒಂದೊಂದು ಕೊನೆಯ ಮೂರು ಅಚ್ಚುಗಳ ನಡುವಿನ ಅಂತರ ಸಮವಾಗಿಲ್ಲ. ಎರಡು ಅಚ್ಚು ಹತ್ತಿರ ಹತ್ತಿರ, ಮೂರನೆಯದು ಸ್ವಲ್ಪ ದೂರ. ಮೂರು ಮೋಟರುಗಳನ್ನು ಕೂರಿಸಲು ಆಲ್ಕೋ ಮಾಡಿಕೊಂಡ ಹೊಂದಾಣಿಕೆ ಅದು. 2003ರಲ್ಲಿ ಬಂದ ಡಬ್ಲ್ಯುಡಿಎಂ-3ಡಿಯ ಕೆಳಗೆ ನೋಡಿ, ಅಲ್ಲಿ ಆ ಹೊಂದಾಣಿಕೆ ಇಲ್ಲ, ಮೂರೂ ಮೋಟರುಗಳು ಒಂದೇ ದಿಕ್ಕಿಗೆ ಕೂತಿವೆ. ಎಳೆಯುವಾಗ ಮುಂದಿನ ಗಾಲಿಯ ಭಾರ ಹಿಂದಕ್ಕೆ ಜಾರುವುದು ಇದರಿಂದ ಕಡಿಮೆಯಾಗಿ ಗಾಲಿ ಗಿರ್ರೆಂದು ಜಾರುವುದೂ ತಗ್ಗುತ್ತದೆ. ಮೇಲೆ ಏನೇ ಹೊಸದು ಕಟ್ಟಿರಲಿ, ಕೆಳಗಿನ ಅಚ್ಚುಗಳ ಅಂತರ ಅಸಮವಾಗಿದ್ದರೆ ಆ ಗಾಡಿಯ ಬೇರು ಹಳೆಯ ಆಲ್ಕೋದಲ್ಲಿದೆ ಎಂದು ತಿಳಿಯಬಹುದು.

ಬೇರೆ ದೇಶಗಳೂ ಇದೇ ಕೆಲಸ ಮಾಡಿವೆ, ದಾರಿ ಬೇರೆ. ಬ್ರಿಟನ್‌ನವರು 1998ರಿಂದ ತಮ್ಮ 47ನೇ ವರ್ಗದ ಲೋಕೊಗಳ ಮೈಯನ್ನು ಉಳಿಸಿಕೊಂಡು, ಒಳಗಿನ ಇಂಜಿನ್ನನ್ನೇ ಕಿತ್ತು ಅಮೆರಿಕದ ಇಎಂಡಿ ಕಂಪನಿಯ ಇಂಜಿನ್ ಕೂರಿಸಿ 57ನೇ ವರ್ಗ ಮಾಡಿದರು. ನಾವು ಅದೇ ಇಂಜಿನ್ ಉಳಿಸಿಕೊಂಡು ಅದರ ಅಂಗಾಂಗಗಳನ್ನು ಬಲಪಡಿಸಿದೆವು. ಅಮೆರಿಕದ ನ್ಯೂಜೆರ್ಸಿಯಲ್ಲಿ ಸರಕಿನ ಜಿಪಿ40 ಲೋಕೊಗಳನ್ನು ಪ್ರಯಾಣಿಕರ ರೈಲಿಗೆಂದು ರೀಬಿಲ್ಡ್ ಮಾಡಿದಾಗ ಮುಖ್ಯವಾಗಿ ಸೇರಿಸಬೇಕಾದದ್ದು ಬೋಗಿಗಳ ದೀಪ, ಹವಾನಿಯಂತ್ರಣಕ್ಕೆ ವಿದ್ಯುತ್ ಕೊಡುವ ವ್ಯವಸ್ಥೆಯನ್ನು. ನಮ್ಮಲ್ಲಿ ಆ ಗೊಡವೆ ಇರಲಿಲ್ಲ. ನಮ್ಮ ಹಳೆಯ ಬೋಗಿಗಳು ತಮ್ಮ ಅಚ್ಚಿಗೇ ಬೆಲ್ಟ್ ಕಟ್ಟಿಕೊಂಡು, ಓಡುತ್ತ ಓಡುತ್ತ ತಮ್ಮ ದೀಪ ಫ್ಯಾನಿಗೆ ತಾವೇ ವಿದ್ಯುತ್ ಮಾಡಿಕೊಂಡು ಬ್ಯಾಟರಿಯಲ್ಲಿ ತುಂಬಿಕೊಳ್ಳುತ್ತಿದ್ದವು. ಅದರಿಂದಲೇ ನಮ್ಮಲ್ಲಿ ಒಂದೇ ಲೋಕೊ ಬೆಳಿಗ್ಗೆ ಪ್ಯಾಸೆಂಜರ್, ರಾತ್ರಿ ಗೂಡ್ಸ್ ಎಳೆಯಲು ಸಾಧ್ಯವಾಯಿತು.

ಹಾಗಾದರೆ ‘ಪ್ರಯಾಣಿಕರ ಲೋಕೊ’ ಎಂಬ ಗುಣ ಎಲ್ಲಿದೆ? ಬಹುಪಾಲು ಹಲ್ಲುಚಕ್ರದಲ್ಲಿ. ಡಬ್ಲ್ಯುಡಿಎಂ-2ರ ಮೋಟರಿನ ಹಲ್ಲುಚಕ್ರಕ್ಕೆ 18 ಹಲ್ಲು, ಅಚ್ಚಿನದಕ್ಕೆ 65. ಸರಕಿನ ಡಬ್ಲ್ಯುಡಿಜಿ-3ಎನಲ್ಲಿ ಅದೇ 18ಕ್ಕೆ 74. ಎರಡನೆಯದು ನಿಧಾನ, ಆದರೆ ಎಳೆತ ಜಾಸ್ತಿ.

ಪ್ರಯಾಣಿಕರಿಗೆಂದೇ 2001ರಲ್ಲಿ ಬಂದ ಡಬ್ಲ್ಯುಡಿಪಿ-4 ಹೊಸ ಮನೆತನ: ಇಎಂಡಿಯ ಎರಡು ಹೊಡೆತದ ಇಂಜಿನ್, 4,000 ಅಶ್ವಶಕ್ತಿ, ಮೂರು ಫೇಸಿನ ಎಸಿ ಮೋಟರು, ಗಂಟೆಗೆ 160 ಕಿ.ಮೀ. ಮೊದಲು ಬಂದವುಗಳಿಗೆ ಮನೆಯಾದದ್ದು ನಮ್ಮ ಹುಬ್ಬಳ್ಳಿ ಶೆಡ್. ಆಲ್ಕೋ ಹೊರಡುವಾಗ ಕರಿಹೊಗೆ ಉಗುಳುವುದು ಅದರ ಟರ್ಬೊ ಹೊಗೆಯ ಬಲದಿಂದಲೇ ತಿರುಗಬೇಕಾದ್ದರಿಂದ. ಚಾಲಕ ಥ್ರಾಟಲ್ ಏರಿಸಿದಾಗ ಇಂಧನ ಮೊದಲು ಬರುತ್ತದೆ, ಗಾಳಿ ಆಮೇಲೆ. ಇಎಂಡಿಯಲ್ಲಿ ಕಡಿಮೆ ವೇಗದಲ್ಲಿ ಟರ್ಬೊವನ್ನು ಹಲ್ಲುಚಕ್ರವೇ ತಿರುಗಿಸುವುದರಿಂದ ಹೊಗೆ ಕಡಿಮೆ. ಇಷ್ಟೆಲ್ಲ ಇದ್ದೂ ಡಬ್ಲ್ಯುಡಿಪಿ-4ಕ್ಕೆ ಒಂದು ಕೊರತೆ ಇತ್ತು. ಆರು ಅಚ್ಚುಗಳಲ್ಲಿ ನಾಲ್ಕಕ್ಕೆ ಮಾತ್ರ ಮೋಟರು. ಉಳಿದೆರಡು ಬರೀ ಭಾರ ಹೊರುತ್ತಿದ್ದವು. ಅದರ ಆರಂಭದ ಎಳೆತ ಸುಮಾರು 27 ಟನ್. ಅಂದರೆ ನಲವತ್ತು ವರ್ಷ ಹಿಂದಿನ 2,600 ಅಶ್ವಶಕ್ತಿಯ ಡಬ್ಲ್ಯುಡಿಎಂ-2ಕ್ಕಿಂತ ಕಡಿಮೆ! ಬೋಗಿಗಳ ಸಂಖ್ಯೆ ಇಪ್ಪತ್ತು ದಾಟಿದ ಮೇಲೆ, ಮಳೆಯಲ್ಲಿ, ಏರಿನಲ್ಲಿ ಇದು ತೊಂದರೆಯಾಯಿತು. ಆಗ ಬಂದದ್ದು ಆರೂ ಅಚ್ಚಿಗೆ ಮೋಟರಿರುವ, 4,500 ಅಶ್ವಶಕ್ತಿಯ 4ಬಿ. ಅದಕ್ಕೂ ಕ್ಯಾಬಿನ್ ಒಂದೇ ಕಡೆ. ಮಾರಿಕುಪ್ಪಂನಂಥ ಕೊನೆಯ ನಿಲ್ದಾಣದಲ್ಲಿ ಲೋಕೊವನ್ನು ಕಳಚಿ ಇನ್ನೊಂದು ತುದಿಗೆ ತಂದು ಜೋಡಿಸಿದರೆ ಒಂದು ದಿಕ್ಕಿನ ಪ್ರಯಾಣದಲ್ಲಿ ಉದ್ದನೆಯ ಹುಡ್ ಮುಂದೆ ಬರುತ್ತದೆ. ಚಾಲಕ ಅದರಾಚೆ ಕತ್ತು ಹೊರಳಿಸಿ ಸಿಗ್ನಲ್ ಹುಡುಕಬೇಕು. ಎರಡೂ ಕಡೆ ಕ್ಯಾಬಿನ್ ಇರುವ 4ಡಿ ಆ ಕಷ್ಟವನ್ನು ತೀರಿಸಿತು. ಇದರ ಕೆಲವು ಗಾಡಿಗಳಲ್ಲಿ ಬೋಗಿಗಳಿಗೆ ವಿದ್ಯುತ್ ಕೊಡುವ ವ್ಯವಸ್ಥೆಯೂ ಬಂತು.

ಬಂಗಾರಪೇಟೆ ಹಳಿಯ ಮೇಲೆ ವಿದ್ಯುತ್ ತಂತಿ ಬಂದು ದಶಕಗಳಾದವು. ತಂತಿಯ ಕೆಳಗೂ ಕೃಷ್ಣರಾಜಪುರ ಶೆಡ್ಡಿನ ಡೀಸೆಲ್‌ಗಳು ಬಹಳ ಕಾಲ ಓಡಿದವು. ಈಗ ಮಾರಿಕುಪ್ಪಂಗೆ ಹೋಗುವುದು ಬೇರೆ ಲೋಕೊ ಬೇಡದ ವಿದ್ಯುತ್ ರೈಲು, ಮೆಮು. ಒಂದು ಕಾಲದಲ್ಲಿ ಕೋಲಾರಕ್ಕೆ ಓಡುತ್ತಿದ್ದ ರೈಲ್ ಬಸ್ಸೂ ಇಲ್ಲ. ವಾರಾಣಸಿಯವರು ಇನ್ನೂ ಒಂದು ಹೆಜ್ಜೆ ಇಟ್ಟು, ಹಳೆಯ ಡೀಸೆಲ್ ಲೋಕೊಗಳನ್ನು ಎಲೆಕ್ಟ್ರಿಕ್ ಆಗಿ ಪರಿವರ್ತಿಸಿ, ಎರಡನ್ನು ಜೋಡಿಸಿ 10,000 ಅಶ್ವಶಕ್ತಿಯ ಒಂದು ಜೋಡಿ ಮಾಡಿದರು. 2019ರ ಫೆಬ್ರವರಿಯಲ್ಲಿ ಪ್ರಧಾನಿ ಅದಕ್ಕೆ ಹಸಿರು ನಿಶಾನೆ ತೋರಿದರು. ಆ ಪ್ರಯೋಗ ಹೆಚ್ಚು ಮುಂದೆ ಹೋಗಲಿಲ್ಲ. ಆಲ್ಕೋಗಳು ಒಂದೊಂದಾಗಿ ಗುಜರಿಗೆ ಹೋಗುತ್ತಿವೆ.

ವಾರಾಣಸಿಯಲ್ಲಿ ಜೋಡಿಸಿದ ಮೊದಲ ಡಬ್ಲ್ಯುಡಿಎಂ-2 ‘ಕುಂದನ್’ ಉಳಿದಿದೆ. ಮೊದಲನೆಯದನ್ನು ಉಳಿಸುವುದು ಸುಲಭ, ಎಲ್ಲರಿಗೂ ಅದರ ಬೆಲೆ ಗೊತ್ತು. ನಾನು ಕೇಳುವುದು ನಂಬರಿನ ಕೊನೆಗೆ ‘ಆರ್’ ಇರುವ ಒಂದು 3ಎಯನ್ನು. ಅದನ್ನು ಬಂಗಾರಪೇಟೆ ಜಂಕ್ಷನ್ನಿನ ಎದುರು ನಿಲ್ಲಿಸಬೇಕು. ಹುಡ್ಡಿನ ಒಂದು ಬಾಗಿಲು ತೆರೆದಿಟ್ಟು ಸಿಲಿಂಡರುಗಳ ಸಾಲು ಕಾಣುವಂತೆ ಮಾಡಬೇಕು. ಪಕ್ಕದಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರಲ್ಲಿ 15 ಮಿ.ಮೀ.ನ ಇಂಧನ ಪಂಪನ್ನೂ 17 ಮಿ.ಮೀ.ನದನ್ನೂ ಕೊಯ್ದು ಅಕ್ಕಪಕ್ಕ ಇಡಬೇಕು. ಈ ಗಾಡಿ ಯಾವ ವರ್ಷ ವಾರಾಣಸಿಯಲ್ಲಿ ಹುಟ್ಟಿತು, ಯಾವ ವರ್ಷ ಪಟಿಯಾಲಾಕ್ಕೆ ಹೋಯಿತು, ಏನೇನು ಬದಲಾಯಿಸಿಕೊಂಡು ಬಂತು, ಯಾವ ಶೆಡ್ಡಿನಲ್ಲಿ ದುಡಿಯಿತು ಎಂಬುದನ್ನು ಕನ್ನಡದಲ್ಲಿ, ಇಲ್ಲಿನ ಜನ ಆಡುವ ತಮಿಳಿನಲ್ಲಿ ಮತ್ತು ತೆಲುಗಿನಲ್ಲಿ ಬರೆದು ಹಾಕಬೇಕು. ಶೆಡ್ಡಿನ ದಾಖಲೆಗಳು ಇನ್ನೂ ಇರುವಾಗ, ಅದನ್ನು ಬಿಚ್ಚಿ ಕಟ್ಟಿದವರು ಇನ್ನೂ ಬದುಕಿರುವಾಗ ಈ ಕೆಲಸ ಆಗಬೇಕು.